ನಾಲ್ಕನೇ ದಿನದ ಗುಡಾಣ

ಸರ್ಕಾರದ ಕೈ ಬರಿದಾದಾಗಲೆಲ್ಲ ಅದರ ಕಣ್ಣು ಮೊದಲು ಬೀಳುವುದು ಕುಡಿಯುವವರ ಮೇಲೆ. ಕುಡಿಯುವವನು ಬೈಯುತ್ತಾನೆ, ಆದರೆ ಕೊಡುತ್ತಾನೆ. ಆ ಒಂದೇ ವರ್ಷದಲ್ಲಿ ಬಾಟಲಿಯ ಮೇಲೆ ಮೂರು ಸಲ ತೆರಿಗೆ ಏರಿತು. ಸೇತುವೆಯ ಆಚೆ ಬೇರೆ ಪ್ರಾಂತ್ಯ. ಅದೇ ಕಾರ್ಖಾನೆಯ ಅದೇ ಬಾಟಲಿ ಅಲ್ಲಿ ಅರ್ಧ ಬೆಲೆಗೆ ಸಿಗುತ್ತಿತ್ತು. ಸಂಜೆಯಾದರೆ ಈಚೆಯ ಗಂಡಸರು ಗಾಳಿ ಸೇವನೆಗೆಂದು ಸೈಕಲ್ ಹತ್ತಿ ಆಚೆ ಹೋಗಿ, ವಾಪಸು ಬರುವಾಗ ಅಂಗಿಯೊಳಗೆ ಹೊಟ್ಟೆ ಬೆಳೆಸಿಕೊಂಡು ಬರುತ್ತಿದ್ದರು. ಸೇತುವೆಗೆ ಕಾವಲು ಬಿದ್ದ ಮೇಲೆ ಅದೂ ನಿಂತಿತು. ಆಗ ಎಲ್ಲರಿಗೂ ಅತ್ತೆ ಸೊಸೆಯರ ಜೋಳದ ಹೆಂಡದ ಅಂಗಡಿ ನೆನಪಾಯಿತು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ, ಅಷ್ಟೇ. ಎರಡು ಬೆಂಚು, ಅತ್ತೆ ಕೂರುವ ಒಂದು ಕಟ್ಟೆ, ಹಿಂದಿನ ಕತ್ತಲೆ ಕೋಣೆಯಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ನಾಲ್ಕು ಗುಡಾಣ. ಮೊಳಕೆ ಬಂದ ಜೋಳ ಒಣಗಿಸಿ, ಬೀಸಿ, ಗಂಜಿ ಕಾಯಿಸಿ, ಹಿಂದಿನ ಸಲದ ಮಡ್ಡಿಯಿಂದ ಹೆಪ್ಪು ಹಾಕುತ್ತಿದ್ದರು. ಎರಡನೇ ದಿನ ಅದು ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ನಾಲ್ಕನೇ ದಿನ ಅತ್ತೆ ಗುಡಾಣದ ಬಾಯಿಗೆ ಕಿವಿ ಇಡುತ್ತಾಳೆ. ಒಳಗಿನ ಗುಳುಗುಳು ಇಳಿದು ಪಿಸುಮಾತಿನಷ್ಟು ಸದ್ದು ಉಳಿದಿದ್ದರೆ "ಆಯ್ತು" ಅನ್ನುತ್ತಾಳೆ. ಅವಳು ಆಯ್ತು ಅನ್ನದೆ ಆ ಮನೆಯಿಂದ ಒಂದು ಲೋಟವೂ ಹೊರಗೆ ಬಂದದ್ದಿಲ್ಲ. ತನ್ನ ಗಂಡ ಸತ್ತ ಆರು ವರ್ಷಗಳಿಂದ ಸೊಸೆಯೇ ಮಗಳ ಶಾಲೆ, ಮನೆಯ ಬಾಡಿಗೆ, ಮೂವರ ಊಟ ಎಲ್ಲವನ್ನೂ ಆ ಕತ್ತಲೆ ಕೋಣೆಯಿಂದಲೇ ಎತ್ತಿ ತರುತ್ತಿದ್ದಳು.

ವ್ಯಾಪಾರ ಕುದುರಿತು ಅನ್ನುವಷ್ಟರಲ್ಲಿ ಸರ್ಕಾರದ ಕಣ್ಣು ಗುಡಾಣದ ಮೇಲೂ ಬಿತ್ತು. ಸುದ್ದಿ ತಂದವನು ಎದುರು ಬೀದಿಯ ದರ್ಜಿ. "ಒಂದೇ ಲೋಟ" ಎಂದು ಕೂತು ನಾಲ್ಕು ಮುಗಿಸಿ ಏಳುವವನಾದ್ದರಿಂದ ಅವನಿಗೆ ಒಂದ್ಲೋಟ ಎಂದೇ ಹೆಸರು.

"ಅಬಕಾರಿ ಇನ್‌ಸ್ಪೆಕ್ಟರ್ ನಾಳೆ ಬರ್ತಾನಂತೆ. ಯಂತ್ರ ಹಾಕಿ ನೋಡ್ತಾನೆ. ಮದ್ಯದ ಅಂಶ ನೂರಕ್ಕೆ ಐದರೊಳಗಿದ್ರೆ ಮನೆ ಪಾನೀಯ ಅಂತ ಬಿಟ್ಬಿಡ್ತಾನೆ. ದಾಟಿದ್ರೆ ಬಾಟಲಿಗೆ ಹಾಕೋ ತೆರಿಗೇನೇ ನಿಮಗೂ."

ಆ ತೆರಿಗೆ ಬಿದ್ದರೆ ಲೋಟದ ಬೆಲೆ ಮೂರರಷ್ಟಾಗುತ್ತದೆ. ಮೂರರಷ್ಟು ಕೊಡುವ ಹಾಗಿದ್ದರೆ ಜನ ಬಾಟಲಿಯನ್ನೇ ಕೊಳ್ಳುತ್ತಾರೆ. ಗುಡಾಣದ ಮೇಲೆ ಅಷ್ಟೊಂದು ಮಮತೆ ಯಾರಿಗೂ ಇರುವುದಿಲ್ಲ. ಸೊಸೆಗೆ ಇದು ತಕ್ಷಣ ಹೊಳೆಯಿತು. ಆ ರಾತ್ರಿ ಅವಳು ಅತ್ತೆಗೆ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು.

"ಅತ್ತೆ, ಅವನು ಬಂದಾಗ ಎರಡನೇ ದಿನದ್ದು ಕೊಡೋಣ. ನಾಲ್ಕನೇ ದಿನದ ಗುಡಾಣದ ಮೇಲೆ ಗೋಣಿಚೀಲ ಹೊದಿಸಿ ಇಡ್ತೀನಿ. ನೀವು ಬಾಯಿ ಬಿಡಬೇಡಿ."

"ನಾನ್ಯಾಕೆ ಬಿಡ್ಲಿ?" ಅಂದಳು ಅತ್ತೆ. "ನಂಗೇನು ಬುದ್ಧಿ ಇಲ್ವಾ?"

ಮರುದಿನ ಮಧ್ಯಾಹ್ನ ಬಂದ ಇನ್‌ಸ್ಪೆಕ್ಟರ್ ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಅಜ್ಜಿ ಎಂದು ಕರೆದು, ಬೆಂಚಿನ ತುದಿಯಲ್ಲಿ ಕೂತ. ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. ಕೆಟ್ಟವನ ಮುಂದೆ ಅತ್ತೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸೊಸೆ ತಂದುಕೊಟ್ಟ ಲೋಟಕ್ಕೆ ಯಂತ್ರದ ಮೂತಿ ಅದ್ದಿ, "ಮೂರೂ ಚಿಲ್ಲರೆ. ಏನೂ ಯೋಚನೆ ಇಲ್ಲ," ಎಂದು ಬರೆದುಕೊಂಡ. ಸೊಸೆಗೆ ಹೋದ ಜೀವ ಬಂದಂತಾಯಿತು.

ಅವನು ಅಲ್ಲಿಗೆ ಎದ್ದು ಹೋಗಬಹುದಿತ್ತು. ಮರ್ಯಾದೆಗೆಂದು ಒಂದು ಗುಟುಕು ಕುಡಿದು ನಕ್ಕ.

"ಇದರ ಹೆಸರು ಬಹಳ ಕೇಳಿದ್ದೆ ಅಜ್ಜಿ. ಗಂಜಿ ಥರ ಇದೆಯಲ್ಲ! ಹಸುಗೂಸಿಗೂ ಕುಡಿಸಬಹುದು."

ಅತ್ತೆಯ ಮುಖ ಬಿಗಿದುಕೊಂಡಿತು. ಸೊಸೆ ಅದನ್ನು ಕಂಡಳು.

"ಅತ್ತೆ, ಒಲೆ ಮೇಲೆ ಏನೋ ಇಟ್ಟಿದ್ರಿ, ನೋಡಿ ಹೋಗಿ."

"ಒಲೆ ಆರಿದೆ," ಎನ್ನುತ್ತ ಎದ್ದ ಅತ್ತೆ ಹೋದದ್ದು ಒಲೆಯ ಕಡೆಗಲ್ಲ. ಸೊಸೆ ಹಿಂದೆಯೇ ಓಡಿ ಸೆರಗು ಹಿಡಿದಳು. ಅತ್ತೆ ಕೊಡವಿಕೊಂಡು, ಗೋಣಿಚೀಲ ಸರಿಸಿ, ದೊಡ್ಡ ಲೋಟದ ತುಂಬ ಮೊಗೆದು ತಂದು ಅವನ ಕೈಗೇ ಕೊಟ್ಟಳು. "ಗಂಜಿ ಅಂದ್ಯಲ್ಲಪ್ಪ, ಈಗ ಇದನ್ನ ಕುಡಿದು ಹೇಳು."

ಹುಡುಗ ಕುಡಿದ. ಮತ್ತೆ ಕುಡಿದ. "ಅಜ್ಜೀ, ಆಣೆ ಮಾಡಿ ಹೇಳ್ತೀನಿ, ಇಂಥದ್ದು ನನ್ನ ನಾಲಿಗೆ ಮುಟ್ಟೇ ಇರಲಿಲ್ಲ."

ಅತ್ತೆ ಹಿಗ್ಗಿ ಹೀರೇಕಾಯಿಯಾದಳು. ಹೆಪ್ಪು ತನ್ನ ಅತ್ತೆಯ ಕಾಲದ್ದು, ಒಂದು ದಿನವೂ ಸಾಯಲು ಬಿಟ್ಟಿಲ್ಲ, ಈ ಕಿವಿಯೇ ತನ್ನ ಯಂತ್ರ ಎಂದೆಲ್ಲ ಹೇಳಿದಳು. ಹುಡುಗ ಎಲ್ಲವನ್ನೂ ಗೌರವದಿಂದ ಕೇಳಿಸಿಕೊಂಡು, ತುಟಿ ಒರೆಸಿಕೊಂಡು, ಉಳಿದ ಅರ್ಧ ಲೋಟಕ್ಕೆ ಯಂತ್ರ ಅದ್ದಿದ. ಏಳು ತೋರಿಸಿತು.

ಅವನಿಗೂ ಬೇಜಾರಾಯಿತು. ಬೇಜಾರು ಮಾಡಿಕೊಳ್ಳುವುದಕ್ಕೆ ಸರ್ಕಾರ ಅಡ್ಡಿ ಮಾಡುವುದಿಲ್ಲ, ಬರೆಯುವುದನ್ನು ಬರೆದರಾಯಿತು. ಮೊದಲಿನದನ್ನು ಹೊಡೆದುಹಾಕಿ ಏಳು ಎಂದು ಬರೆದು ತಲೆತಗ್ಗಿಸಿ ಹೇಳಿದ, "ಎರಡೇ ದಾರಿ ಅಕ್ಕಾ. ತೆರಿಗೆ ಕಟ್ಟಿ, ಇಲ್ಲಾ ಇದನ್ನ ಐದರೊಳಗೆ ಇಳಿಸಿ. ನಾನು ಹೇಳದೆ ಕೇಳದೆ ವಾರವಾರ ಬರ್ತೀನಿ. ಇನ್ನೊಂದು ಸಲ ದಾಟಿದ್ರೆ ಬೀಗ."

"ಇಳಿಸೋದು ಅಂದ್ರೆ ಹೇಗಪ್ಪ?" ಎಂದು ಅತ್ತೆ ಕೇಳಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸೊಸೆ ಬಾವಿಗೆ ಹೋಗಿ ಎರಡು ಕೊಡ ನೀರು ತಂದಳು. ಇನ್‌ಸ್ಪೆಕ್ಟರ್ ನೋಡುತ್ತಿದ್ದಂತೆಯೇ ನಾಲ್ಕನೇ ದಿನದ ಗುಡಾಣಕ್ಕೆ ಸುರಿದಳು. ಅತ್ತೆಯ ಮೇಲಿನ ಸಿಟ್ಟಿಗೆ ಬೇಕೆಂದೇ ಎತ್ತರದಿಂದ ಸುರಿದಳು, ಆ ಸದ್ದು ಕೇಳಲಿ ಎಂದು. ಯಂತ್ರ ನಾಲ್ಕೂವರೆ ತೋರಿಸಿತು. ಸೊಸೆ ರುಜು ಹಾಕಿಕೊಟ್ಟಳು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದವಳು ರಾತ್ರಿ ಊಟಕ್ಕೂ ಏಳಲಿಲ್ಲ.

ಮರುದಿನ ಸಂಜೆ ಬೆಂಚುಗಳು ತುಂಬಿದವು. ಅತ್ತೆ ಬಂದು ಕಟ್ಟೆಯ ಮೇಲೆ ಕೂತಳು, ಗುಡಾಣಕ್ಕೆ ಮಾತ್ರ ಕಿವಿ ಇಡಲಿಲ್ಲ. ಒಂದ್ಲೋಟ ಮೊದಲ ಗುಟುಕು ಕುಡಿದು, ಲೋಟದೊಳಗೆ ಇಣುಕಿ, ಇನ್ನೊಂದು ಗುಟುಕು ಕುಡಿದು, ಅರ್ಧಕ್ಕೇ ಕೆಳಗಿಟ್ಟ. ಉಳಿದವರೂ ತಮ್ಮ ತಮ್ಮ ಲೋಟ ಮೂಸಿ ನೋಡಿದರು.

"ಅಜ್ಜೀ, ಏನಾಯ್ತು ನಿನ್ನ ಕೈಗೆ?"

ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಕೈಯದ್ದಲ್ಲ ಅದು. ಇವಳು ಮಾಡಿದ್ದು."

ಸೊಸೆಗೆ ಮೈ ಉರಿದುಹೋಯಿತು. ಲೋಟ ತುಂಬಿ ತಂದು ಹುಡುಗನ ಕೈಗೆ ಕೊಟ್ಟವರು ಯಾರು ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಿದರೆ ಈ ಬೆಂಚುಗಳು ನಾಳೆಯಿಂದ ಮುದುಕಿಯನ್ನು ಆಡಿಕೊಂಡು ನಗುತ್ತವೆ, ನಕ್ಕು ಎದ್ದು ಹೋಗುತ್ತವೆ. ಅತ್ತೆ ಅವಳತ್ತ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

"ಹೌದು, ನಾನೇ ಕೆಡಿಸಿದ್ದು," ಅಂದಳು ಸೊಸೆ. "ಇನ್ಮೇಲೆ ಹೀಗೇ ಇರುತ್ತೆ. ಕುಡಿಯೋದಿದ್ರೆ ಕುಡೀರಿ."