ತಲುಪು ಬುಧವಾರ

ಹದಿನೆಂಟು ವರ್ಷ ನಾನು ಕೆಮ್ಮುತ್ತಲೇ ಸ್ನಾನ ಮಾಡಿದೆ. ಕಾಯಿಲೆ ಏನೂ ಇರಲಿಲ್ಲ. ಹಿಂದೂಪುರದ ನಮ್ಮ ಮನೆಯ ಬಚ್ಚಲಿಗೆ ಬಾಗಿಲಿರಲಿಲ್ಲ, ಅಷ್ಟೆ. ಹಿತ್ತಲಲ್ಲಿ ಮೂರು ಗೋಡೆ, ಕೆಳಗೊಂದು ಕಡಪ ಕಲ್ಲು, ಮಸಿ ಹಿಡಿದ ತಾಮ್ರದ ಹಂಡೆ, ನಾಲ್ಕನೇ ಕಡೆಗೆ ಒಂದು ಗೋಣಿತಾಟು. ಮಗ್ಗದ ಕೆಲಸಕ್ಕೆ ಬರುವವರು, ರೇಷ್ಮೆ ತರುವವರು, ಸೀರೆ ಒಯ್ಯುವವರು ಎಲ್ಲರೂ ಕೈಕಾಲು ತೊಳೆಯಲು ಅದೇ ಹಿತ್ತಲಿಗೆ ಬರುತ್ತಿದ್ದರು. ಹೆಜ್ಜೆ ಸದ್ದು ಕೇಳಿದರೆ ಒಳಗಿರುವವಳು ಕೆಮ್ಮಬೇಕು. ಗಾಳಿ ಬೀಸಿದರೆ ಒಂದು ಕೈಯಲ್ಲಿ ತಾಟು, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಕೆಮ್ಮಬೇಕು. ಸೋಪು ಹಚ್ಚಿಕೊಳ್ಳಲು ದೇವರು ಮೂರನೇ ಕೈ ಯಾಕೆ ಕೊಡಲಿಲ್ಲವೋ ಎಂದು ಎಷ್ಟೋ ಸಲ ಅನ್ನಿಸಿದೆ. ಒಂದು ಸಲ ನೆಗಡಿಯಾಗಿ ನಿಜವಾಗಿಯೂ ಕೆಮ್ಮು ಹತ್ತಿದಾಗ, ನಾನು ಅಡುಗೆಮನೆಯಲ್ಲಿ ಮೈತುಂಬ ಸೀರೆ ಉಟ್ಟು ಕೂತಿದ್ದರೂ ಬಂದವರು ಮುಖ ತಿರುಗಿಸಿಕೊಂಡು ವಾಪಸು ಹೋದರು.

ಎಂಬತ್ತಾರನೇ ಇಸವಿಯಲ್ಲಿ ಪಕ್ಕದ ಮನೆಯ ಸರ್ವಮಂಗಳಮ್ಮನ ಹತ್ತಿರ ನಾನು ಹಾಕಿದ್ದ ಚೀಟಿ ಎದ್ದಿತು. ಮಗ್ಗದ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬೆರಳು ಸವೆಸಿಕೊಂಡು ಕೂಡಿಟ್ಟ ದುಡ್ಡು. ಅದನ್ನು ನಮ್ಮ ಯಜಮಾನರ ಮುಂದಿಟ್ಟೆ. ಅವರ ಹೆಸರನ್ನು ನಾನು ಹೇಳುವುದಿಲ್ಲ. ಊರಿನವರು ಕೇಶವಯ್ಯ ಅನ್ನುತ್ತಾರೆ.

"ಬಚ್ಚಲಿಗೊಂದು ಬಾಗ್ಲು ಹಾಕ್ಸ್ರಿ. ಒಳಗಡೆಯಿಂದ ಚಿಲಕ ಇರೋದು. ಇನ್ನೇನೂ ಬ್ಯಾಡ."

"ಬರೀ ಬಾಗ್ಲು ಯಾಕೆ ಕಣೇ? ಬಚ್ಚಲನ್ನೇ ಹೊಸದು ಮಾಡ್ಬುಡಾನ," ಅಂದರು.

ರೇಷ್ಮೆ ಸಾಹುಕಾರರ ಮನೆಯಲ್ಲಿ ಟೈಲ್ಸ್ ಹಾಕಿದ ಬಚ್ಚಲು ನೋಡಿಕೊಂಡು ಬಂದಿದ್ದರು, ಅದೇ ತಲೆಯಲ್ಲಿ ಕೂತಿತ್ತು. ನಮ್ಮ ದುಡ್ಡಿಗೆ ಅಂಥದ್ದೆಲ್ಲಿ ಸಿಗಬೇಕು? ಟೈಲ್ಸ್ ಅಂಗಡಿಯ ಹಿಂದೆ, ಬೇರೆಯವರು ಬೇಡವೆಂದು ಬಿಟ್ಟುಹೋದವುಗಳ ರಾಶಿ ಬಿದ್ದಿತ್ತು. ಮೂಲೆ ಮುಕ್ಕಾದ ಗುಲಾಬಿ ಬಣ್ಣದವು, ಒಂದಿಷ್ಟು ಹಸಿರು, ಕಮಲದ ಹೂವಿರುವ ಹನ್ನೊಂದು. ಎಲ್ಲ ಸೇರಿಸಿ ಅಗ್ಗಕ್ಕೆ ತಂದರು. ಅಲ್ಲಿಯವರೆಗೆ ಒಳ್ಳೆಯ ಕೆಲಸವೇ ಮಾಡಿದರು. ಕೆಡಿಸಿದ್ದು ಅವರ ಕಸುಬು. ಮೂವತ್ತು ವರ್ಷ ಸೀರೆ ನೇಯ್ದವರ ಕಣ್ಣಿಗೆ ಗೋಡೆ ಗೋಡೆಯಾಗಿ ಕಾಣುವುದಿಲ್ಲ. ಗುಲಾಬಿ ಒಡಲು, ಎರಡು ಕಡೆ ಹಸಿರು ಅಂಚು, ಹಂಡೆಯ ಹಿಂದೆ ಕಮಲದ ಸೆರಗು ಎಂದು ತೀರ್ಮಾನ ಮಾಡಿಬಿಟ್ಟರು.

ಗಾರೆ ಕೆಲಸಕ್ಕೆ ಬಂದವನು ಉಗ್ರಪ್ಪ. ಹೆಸರಿನಲ್ಲಿ ಮಾತ್ರ ಉಗ್ರ, ಆಸಾಮಿ ತುಂಬ ಸಾಧು. ಅವನು ದಿನವೆಲ್ಲ ಕೂತು ಟೈಲ್ಸ್ ಅಂಟಿಸಿದರೆ, ನಮ್ಮವರು ಸಂಜೆ ಮಗ್ಗದ ಗುಂಡಿಯಿಂದೆದ್ದು ಬಂದು ಬೆರಳಲ್ಲಿ ಅಳೆಯುತ್ತಿದ್ದರು.

"ಉಗ್ರಪ್ಪಾ, ಎಡಗಡೆ ಅಂಚು ನಾಕು ಬೆಳ್ಳು, ಬಲಗಡೆ ಐದು. ಕಿತ್ತಾಕು."

"ಗೋಡೇನೇ ಸೊಟ್ಟಗೈತಲ್ಲ ಸಾಮಿ."

"ಗೋಡೆ ಸೊಟ್ಟಗಿದ್ರೆ ಅಂಚೂ ಸೊಟ್ಟಗಿರಬೇಕೇನ್ಲಾ? ಇಂಥ ಸೀರೆ ಯಾವಳು ಉಟ್ಕಂತಾಳೆ?"

"ಇದೇಂ ಖರ್ಮ ಸಾಮೀ! ಬಚ್ಚಲನ್ನ ಯಾರು ಉಟ್ಕಂತಾರೆ?" ಎಂದು ಗೊಣಗುತ್ತಲೇ ಉಗ್ರಪ್ಪ ಅಂಚು ಕಿತ್ತ. ಹೀಗೆ ಮೂರು ಸಲ ಕಿತ್ತು ಮೂರು ಸಲ ಹಾಕಿದ.

ಆಮೇಲೆ ಶವರ್ ಬಂತು. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಮನೆಯ ಮೇಲೆ ನೀರಿನ ತೊಟ್ಟಿ ಇರಲಿಲ್ಲ. ಶವರಿನ ಕೊಳವೆ ಗೋಡೆಯೊಳಗೆ ಒಂದು ಮೊಳ ಹೋಗಿ, ಮುಂದೆಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು. ನಾನು ಕೇಳಿದ್ದಕ್ಕೆ, "ತೊಟ್ಟಿ ಕಟ್ಟಿಸ್ದಾಗ ಜೋಡ್ಸಿದ್ರಾಯ್ತು," ಅಂದರು. ತೊಟ್ಟಿ ಇವತ್ತಿಗೂ ಕಟ್ಟಿಲ್ಲ.

ಕೆಲಸ ಮುಗಿದದ್ದೇ ತಡ, ಬೀದಿಯವರೆಲ್ಲ ನೋಡಲು ಬಂದರು. ಲೇಪಾಕ್ಷಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಮಗ್ಗದ ಆಳುಗಳೂ ತಮ್ಮ ನೆಂಟರನ್ನು ಕರೆತಂದು ತೋರಿಸಿದರು. ನಮ್ಮವರು ಎಲ್ಲರಿಗೂ ಚಪ್ಪಲಿ ಬಿಡಿಸಿ, ಇದು ಒಡಲು, ಇದು ಸೆರಗು ಎಂದು ಬೊಟ್ಟುಮಾಡಿ ತೋರಿಸುತ್ತಿದ್ದರು. ಅವರೆಲ್ಲ ಹೋಗುವವರೆಗೆ ನಾನು ಟವಲು ಹೆಗಲಿಗೆ ಹಾಕಿಕೊಂಡು ಹಿತ್ತಲಲ್ಲಿ ಕಾಯುತ್ತಿದ್ದೆ. ಚೀಟಿಯ ದುಡ್ಡು ಮುಗಿದಿತ್ತು.

"ಬಾಗ್ಲು?" ಅಂದೆ.

"ಬಾಗ್ಲು ಹಾಕಿದ್ರೆ ಟೈಲ್ಸು ಯಾರಿಗೆ ಕಾಣ್ತವೆ?" ಅಂದರು. ತಮಾಷೆಗೆ ಹೇಳಿದ ಮಾತಲ್ಲ ಅದು.

ಅವತ್ತು ನನಗೆ ಅಳು ಬಂತು. ಅದೇ ಗೋಣಿತಾಟನ್ನು ಒಗೆದು ಮತ್ತೆ ಕಟ್ಟಿದೆ. ಹೊಸ ಬಚ್ಚಲಲ್ಲಿ ಆದ ಸುಧಾರಣೆ ಒಂದೇ: ಟೈಲ್ಸಿನಿಂದಾಗಿ ನನ್ನ ಕೆಮ್ಮು ಮೊದಲಿಗಿಂತ ಜೋರಾಗಿ ಬೀದಿಯ ತನಕ ಕೇಳುತ್ತಿತ್ತು.

ನನ್ನ ತವರು ಕಲ್ಯಾಣದುರ್ಗ. ತಮ್ಮ ಶಂಕರಯ್ಯ ಅಲ್ಲಿಯ ಟಪಾಲು ಕಚೇರಿಯಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದ. ಯಜಮಾನರಿಗೆ ಹೇಳದೆ ಸರ್ವಮಂಗಳಮ್ಮನ ಕೈಯಲ್ಲಿ ಅವನಿಗೊಂದು ಕಾಗದ ಬರೆಸಿದೆ. ನನ್ನ ಪಾಡು ಹೀಗಿದೆ, ಅಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಿದ್ದರೆ ಚಿಲಕವಿರುವ ಒಂದು ಹಳೆ ಬಾಗಿಲು ಸಿಗುತ್ತದೇನೋ ನೋಡು ಎಂದು. ವಾರ ಕಳೆದ ಮೇಲೆ ಅವನ ಕಾರ್ಡು ಬಂತು. ಮನೆಯ ಗಂಡಸಿನ ಹೆಸರಿಗೆ ಬರೆಯುವುದು ಮರ್ಯಾದೆಯಾದ್ದರಿಂದ ಯಜಮಾನರ ಹೆಸರಿಗೇ ಬಂತು.

ಆಂಧ್ರದ ಗಡಿಯ ನಮ್ಮ ಕಡೆ ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿಯುವುದು ತೆಲುಗು. ಹಾಗಾಗಿ ಕನ್ನಡದ ಕಾಗದವನ್ನು ತೆಲುಗು ಅಕ್ಷರದಲ್ಲಿ ಬರೆಯುತ್ತಾರೆ. ಮಧ್ಯೆ ಯಾವ ಮಾತು ಯಾವ ಭಾಷೆಯದೆಂದು ಬರೆದವರೂ ಯೋಚಿಸುವುದಿಲ್ಲ, ಓದುವವರೂ ಯೋಚಿಸುವುದಿಲ್ಲ. ಮೇಲಾಗಿ ನಮ್ಮ ಶಂಕರಯ್ಯ ದಿನವೆಲ್ಲ ತಂತಿಯ ಪದ ಎಣಿಸುವವನು, ಕಾರ್ಡಿನಲ್ಲೂ ಪದ ಉಳಿಸುತ್ತಿದ್ದ. ನಮ್ಮವರು ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದರು:

"ಬಾವನವರಿಗೆ ನಮಸ್ಕಾರ. ಅಕ್ಕನ ಕಷ್ಟ ತಿಳಿಯಿತು. ತಲುಪು ಬುಧವಾರ. ಮೊದಲನೇ ಬಸ್ಸು. ಉಳಿದದ್ದು ಮುಖತಃ."

ಓದಿ ಮುಗಿಸುವಷ್ಟರಲ್ಲಿ ಮುಖ ಕೆಂಪಗಾಗಿತ್ತು.

"ತಲುಪು! ನೋಡ್ದೇನೇ ನಿನ್ನ ತಮ್ಮನ ಸೊಕ್ಕು? 'ತಲುಪಿ' ಅಂತಲ್ಲ, 'ತಲುಪು'! ನಾನೇನು ಅವನ ಆಳಾ? ಮೊದಲನೇ ಬಸ್ಸಿಗೇ ತಲುಪಬೇಕಂತೆ! ಅಕ್ಕನ ಕಷ್ಟವಂತೆ! ನನ್ನ ಕೂರಿಸ್ಕಂಡು ಪಂಚಾಯ್ತಿ ಮಾಡ್ತಾನಂತಾ?"

ನನಗೆ ಕೇಳಿದ ಕೂಡಲೇ ಗೊತ್ತಾಯಿತು. ತೆಲುಗಿನಲ್ಲಿ ತಲುಪು ಅಂದರೆ ಬಾಗಿಲು. ನನ್ನ ತವರಲ್ಲಿ ಕನ್ನಡ ಆಡುವಾಗಲೂ ಬಾಗಿಲಿಗೆ ತಲುಪು ಅಂತಲೇ ಅನ್ನುತ್ತಾರೆ. ಬುಧವಾರ ಮೊದಲನೇ ಬಸ್ಸಿಗೆ ತಮ್ಮ ಬಾಗಿಲು ತರುತ್ತಿದ್ದ. ನಮ್ಮವರಿಗೂ ತೆಲುಗು ಚೆನ್ನಾಗಿಯೇ ಬರುತ್ತದೆ, ಸಂತೆಯಲ್ಲಿ ಚೌಕಾಸಿಯೆಲ್ಲ ತೆಲುಗಿನಲ್ಲೇ. ಆದರೆ ಮರ್ಯಾದೆಯ ವಿಷಯ ಬಂದರೆ ಅವರಿಗೆ ಒಂದೇ ಭಾಷೆ ಅರ್ಥವಾಗುವುದು.

ಹೇಳಬೇಕೆಂದು ಬಾಯಿ ತೆರೆದೆ.

"ನೀನು ಸುಮ್ಕಿರು! ಹೋಯ್ತೀನಿ, ಮೊದಲನೇ ಬಸ್ಸಿಗೇ ಹೋಯ್ತೀನಿ. ಯಾರು ಯಾರಿಗೆ ಪಂಚಾಯ್ತಿ ಮಾಡ್ತಾರೆ ನೋಡೇಬುಡಾನ!"

ತೆರೆದ ಬಾಯಿ ಮುಚ್ಚಿಕೊಂಡೆ. ಅವರು ಮನೆಯಲ್ಲಿದ್ದರೆ ಆ ಬಾಗಿಲನ್ನು ಹಾಕಲು ಬಿಡುತ್ತಾರೆಯೇ? ಟೈಲ್ಸ್ ಮುಚ್ಚಿಹೋಗುತ್ತದೆಂದು ಅದನ್ನು ಅಟ್ಟಕ್ಕೇರಿಸುತ್ತಾರೆ. ಬುಧವಾರ ಬೆಳಿಗ್ಗೆ ಬೇಗನೆದ್ದು ಚಿತ್ರಾನ್ನ ಕಲಸಿ ಕಟ್ಟಿಕೊಟ್ಟೆ. ಇಷ್ಟು ಪ್ರೀತಿಯಿಂದ ನಾನು ಅವರನ್ನು ಯಾವತ್ತೂ ಊರಿಗೆ ಕಳಿಸಿದ್ದಿಲ್ಲ. ಅವರು ಬೀದಿ ತಿರುಗಿದ ಕೂಡಲೇ ಉಗ್ರಪ್ಪನಿಗೆ ಹೇಳಿಕಳಿಸಿದೆ.

ಹತ್ತೂವರೆಗೆ ಜಟಕಾ ಗಾಡಿಯಲ್ಲಿ ಶಂಕರಯ್ಯ ಬಂದ, ಪಕ್ಕದಲ್ಲಿ ಬಾಗಿಲು, ಚೌಕಟ್ಟು. ಬಚ್ಚಲಿನ ಬಾಗಿಲೇ ಅದು? ಯಾರದೋ ದೊಡ್ಡ ಮನೆಯ ಬೀದಿಬಾಗಿಲು. ಮೇಲೆ ಎರಡು ಗಿಣಿಯ ಕೆತ್ತನೆ, ಹಿತ್ತಾಳೆ ಬಳೆ, ಒಳಗಡೆ ನನ್ನ ಮುಂಗೈ ದಪ್ಪದ ಅಗುಳಿ.

"ಚಿಲಕ ಇರೋದು ಅಂದಿದ್ದೆಯಲ್ಲಕ್ಕಾ. ಇದಕ್ಕಿಂತ ಗಟ್ಟಿ ಸಿಗಲಿಲ್ಲ," ಅಂದ. "ಬಾವ ಎಲ್ಲಿ?"

"ನಿಮ್ಮೂರಿಗೇ ಹೋಗವ್ರೆ ಕಣಪ್ಪ, ನಿನ್ನ ಕೈಲಿ ಜಗಳ ಆಡಕ್ಕೆ," ಅಂದೆ. ಕಾರ್ಡಿನ ಕಥೆ ಹೇಳಿದೆ. ಅವನು ನಗುವುದೋ ಹೆದರುವುದೋ ತಿಳಿಯದೆ ಜಗುಲಿಯ ಮೇಲೆ ಕೂತುಬಿಟ್ಟ.

ಉಗ್ರಪ್ಪ ಚೌಕಟ್ಟು ಅಳೆದು ತಲೆಯಾಡಿಸಿದ. "ಅಗಲ ಜಾಸ್ತಿ ಆಯ್ತದಕ್ಕಾ. ಎರಡು ಕಡೆ ಅಂಚು ಒಡೀಬೇಕು. ಮೂರು ಸಲ ಹಾಕಿದ ಅಂಚು."

"ಒಡಿ," ಅಂದೆ.

ಉಗ್ರಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಉಳಿ ಸುತ್ತಿಗೆ ಹಿಡಿದು ಕೂತವನು ಊಟಕ್ಕೂ ಏಳಲಿಲ್ಲ. ಹಸಿರು ಚೂರುಗಳು ಹಿತ್ತಲೆಲ್ಲ ಹಾರಿದವು. ಸಂಜೆಯ ಹೊತ್ತಿಗೆ ಬಾಗಿಲು ನಿಂತಿತ್ತು, ಬಚ್ಚಲಿಗಿಂತ ಬಾಗಿಲೇ ದೊಡ್ಡದಾಗಿ. ಗಾರೆ ಒಣಗಲು ಎರಡು ದಿನ ಮುಟ್ಟಬೇಡಿ ಅಂದ.

ಆಗಲೇ ನಮ್ಮವರು ಬಂದರು. ಕಲ್ಯಾಣದುರ್ಗದಲ್ಲಿ ತಮ್ಮನ ಹೆಂಡತಿ ಶಿವಲಕ್ಷ್ಮಮ್ಮ, "ಅವರು ತಲುಪು ತಗಂಡು ನಿಮ್ಮೂರಿಗೇ ಹೋದ್ರಲ್ಲಣ್ಣಾ," ಎಂದು ಹೇಳಿ ಮುದ್ದೆ ಬಡಿಸಿದ್ದಳಂತೆ. ಜಗಳವಾಡಲು ಹೋದವರು ಉಂಡು ವಾಪಸು ಬಂದಿದ್ದರು. ಶಂಕರಯ್ಯ ಎದ್ದು ನಿಂತು, "ಬನ್ನಿ ಬಾವ," ಅಂದ. ಬಹುವಚನವನ್ನು ಒತ್ತಿಯೇ ಹೇಳಿದ.

ಅವರು ಬಾಗಿಲ ಹತ್ತಿರ ಹೋಗಿ ಗಿಣಿ ಸವರಿದರು. "ಬೆಳಿಗ್ಗೆ ಹೋಯ್ತಾ ಅರ್ಧ ದಾರೀಲಿ ಎದುರು ಬಸ್ಸಿನ ಮ್ಯಾಲೆ ಇದನ್ನ ನೋಡ್ದೆ. ಯಾವನೋ ಹುಚ್ಚ ಬಾಗ್ಲು ಹೊತ್ಕಂಡು ಹೋಯ್ತಾವ್ನೆ ಅಂದ್ಕಂಡೆ." ಆಮೇಲೆ ಕಣ್ಣು ಕೆಳಗಿಳಿಯಿತು. "ಅಂಚು ಒಡೆದೋರು ಯಾರು?"

ಉಗ್ರಪ್ಪ ನನ್ನ ಮುಖ ನೋಡಿದ.

"ನಾನು," ಅಂದೆ. ಹದಿನೆಂಟು ವರ್ಷದಲ್ಲಿ ಅವರೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ನನ್ನ ತಮ್ಮನತ್ತ ಒಮ್ಮೆ ನೋಡಿ, ಕೆಳಗೆ ಬಿದ್ದಿದ್ದ ಹಸಿರು ಚೂರೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

ಮಾರನೇ ದಿನ ಬೀದಿಯವರು ಮತ್ತೆ ನೋಡಲು ಬಂದಾಗ, "ನಾನೇ ಕಲ್ಯಾಣದುರ್ಗಕ್ಕೆ ಹೋಗಿ ಆರಿಸಿದ್ದು," ಎಂದು ಬಸ್ಸಿನ ಟಿಕೀಟು ತೆಗೆದು ತೋರಿಸಿದರು. ನಾನು ಅಲ್ಲ ಅನ್ನಲಿಲ್ಲ. ಬಾಗಿಲ ಹೊರಗಡೆ ಅವರಿಗೆ, ಒಳಗಡೆ ನನಗೆ.

ಮೂರನೇ ದಿನ ಬೆಳಿಗ್ಗೆ ಹಂಡೆಗೆ ನೀರು ತುಂಬಿ ಉರಿ ಹಾಕಿದೆ. ನೀರು ಕಾದ ಮೇಲೆ ಒಳಗೆ ಹೋಗಿ ಅಗುಳಿ ಎಳೆದೆ. ಎರಡೂ ಕೈಯಿಂದ ಸೋಪು ಹಚ್ಚಿಕೊಂಡೆ. ಹಿತ್ತಲಲ್ಲಿ ಹೆಜ್ಜೆ ಸದ್ದಾಯಿತು. ಅಭ್ಯಾಸಬಲದಿಂದ ಗಂಟಲಿಗೆ ಬಂದದ್ದನ್ನು ನುಂಗಿಕೊಂಡೆ.

ಹೊರಗಿನಿಂದ ಬಾಗಿಲನ್ನು ತಳ್ಳಿದರು. ಅಲ್ಲಾಡಲಿಲ್ಲ.

"ಲೇ, ಒಳಗಿದೀಯೇನೇ? ಕೆಮ್ಮು ಕೇಳಿಸ್ಲಿಲ್ಲ?"

ನಾನು ಇನ್ನೊಂದು ಚೊಂಬು ನೀರು ಹುಯ್ದುಕೊಂಡೆ.