ಬಿಚ್ಚಬಾರದ ಕಟ್ಟು

ಬೆಳಕು ಹರಿಯುವ ಹೊತ್ತಿಗೆ ದರ್ಜಿಯ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಎದ್ದಿರುತ್ತಿತ್ತು. ಅವನು ಬರಿಗಾಲಲ್ಲಿ ಪೆಡಲು ತುಳಿಯುತ್ತಿದ್ದರೆ ಹೆಂಡತಿ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಹೊರಗಿನ ಜಗಲಿ ಅವನ ಅಣ್ಣನದು. ಹುಣ್ಣು, ಗಾಯ ಎಂದು ಬಂದವರಿಗೆ ಸೊಪ್ಪು ಅರೆದು ಹಚ್ಚಿ ಕಟ್ಟು ಕಟ್ಟುವ ಆತನನ್ನು ಬೀದಿಯವರೆಲ್ಲ ಕೈಗುಣದಣ್ಣ ಎನ್ನುತ್ತಿದ್ದರು. ಅಪ್ಪನಿಂದ ಬಂದ ಕಟ್ಟಳೆಯೊಂದನ್ನು ಆತ ಮೀರುತ್ತಿರಲಿಲ್ಲ: ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯವರು ಮುಟ್ಟಿದರೆ ಮದ್ದು ಮುನಿಯುತ್ತದೆ.

ಒಂದು ಸಂಜೆ ಚಿಂದಿ ಗುಡಿಸುವಾಗ ಅವಳಿಗೆ ಪೆಡಲಿನ ಮೇಲೆ ರಕ್ತ ಕಂಡಿತು. ಗಂಡನ ಅಂಗಾಲಿನಲ್ಲಿ ಮುರಿದ ಸೂಜಿ ನೆಟ್ಟಿತ್ತು. ಸಕ್ಕರೆ ಕಾಯಿಲೆಯವನು, ಪಾಪ, ಅವನಿಗೆ ಗೊತ್ತೇ ಆಗಿರಲಿಲ್ಲ.

"ಆಸ್ಪತ್ರೆಗೆ ತೋರಿಸೋಣ ಭಾವ," ಎಂದಳು.

"ನೋವಿದೆಯೇನೋ?" ಅಣ್ಣ ಕೇಳಿದ.

"ಇಲ್ಲಣ್ಣ."

"ಕೇಳಿದ್ಯಾಮ್ಮ? ನೋವೇ ಇಲ್ಲದ್ದಕ್ಕೆ ಆಸ್ಪತ್ರೆಯಂತೆ! ಇವನು ಬಟ್ಟೆ ಕತ್ತರಿಸಿದ ಹಾಗೆ ಅಲ್ಲಿ ಕಾಲು ಕತ್ತರಿಸ್ತಾರೆ."

ಗಂಡ ನಕ್ಕ. "ಬಿಡೇ, ಒಂದು ತೇಪೆ ತಾನೇ? ಊರಿಗೆಲ್ಲ ಹಾಕ್ತೀನಿ, ನನಗೊಂದು ಬೇಡ್ವಾ?"

ಅಣ್ಣ ಸೂಜಿ ಕಿತ್ತು, ಸೊಪ್ಪು ಹಚ್ಚಿ ಕಟ್ಟು ಕಟ್ಟಿದ. ದಿನ ಕಳೆದಂತೆ ಕಾಲು ಊದಿಕೊಂಡಿತು, ಕೋಣೆಯಲ್ಲಿ ಕೊಳೆತ ವಾಸನೆ ಸುಳಿಯಿತು. ಅವಳು ಕತ್ತರಿ ಹಿಡಿದು ಕೂತಾಗ ಭಾವ ಅವಳ ಕೈ ತಡೆದ. "ನಾನು ಕಟ್ಟಿದ್ದನ್ನ ನೀನು ಬಿಚ್ಚಿ ಅವನಿಗೇನಾದ್ರೂ ಆದ್ರೆ ಹೊಣೆ ನಿಂದೇ."

ಅವಳು ಕತ್ತರಿ ಕೆಳಗಿಟ್ಟಳು.

ಚಳಿಜ್ವರ ಏರಿ ಗಂಡ ಯಾರ್ಯಾರನ್ನೋ ಕರೆಯತೊಡಗಿದಾಗ ಭಾವನ ಮಾತು ಕೇಳದೆ ಗಾಡಿ ತರಿಸಿದಳು. "ನೋವೇ ಕಾಲಿನ ಕಾವಲುಗಾರನಮ್ಮ. ಈ ಕಾಯಿಲೆ ಮೊದಲು ಅದನ್ನೇ ಹೊರಗೆ ಹಾಕುತ್ತೆ," ಎಂದರು ವೈದ್ಯರು. ಮೊಣಕಾಲಿನವರೆಗೆ ಕತ್ತರಿಸಿದರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು, ಜೀವ ನಿಲ್ಲಲಿಲ್ಲ.

ಸಾವಿಗೆ ಬಂದವರ ಮುಂದೆ ಭಾವ ಹೇಳಿದ, "ನನ್ನ ಕಟ್ಟಲ್ಲೇ ಇದ್ದಿದ್ರೆ ಬದುಕ್ತಿದ್ದ. ಕತ್ತರಿಸಿದ್ದಕ್ಕೇ ಸತ್ತ."

ಜನ ತಲೆದೂಗಿದರು. ಜಗಲಿಯ ಸಾಲು ಇನ್ನೂ ಉದ್ದವಾಯಿತು. ಅವಳು ಗಂಡನ ಯಂತ್ರ ತುಳಿಯುತ್ತ ಆ ಮಾತನ್ನು ಕೆಂಡದ ಹಾಗೆ ಒಡಲಲ್ಲಿ ಇಟ್ಟುಕೊಂಡಳು. ದಿನವೂ ದೀಪ ಹಚ್ಚಿ ಒಂದನ್ನೇ ಬೇಡುತ್ತಿದ್ದಳು: "ಸ್ವಾಮೀ, ನನ್ನ ಸೇಡು ನನಗೆ ಕೊಡು."

ದೇವರು ಕೊಟ್ಟ. ಒಂದು ಬೆಳಿಗ್ಗೆ ಭಾವನಿಗೆ ಚಹಾ ಇಡಲು ಬಗ್ಗಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಆತನ ಕಾಲ್ಬೆರಳುಗಳಿಗೆ ಆತನದೇ ಕಟ್ಟು. ಆತನಿಗೂ ಅದೇ ಕಾಯಿಲೆ. ಬಿಸಿನೀರು ಸುಟ್ಟಾಗ ತಿಳಿದೇ ಇರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಉಳಿದದ್ದನ್ನು ಆತನ ಕಟ್ಟಳೆಯೇ ಮುಗಿಸುತ್ತಿತ್ತು. ಆ ಸುಖವನ್ನು ಅವಳು ಒಂದು ಗಳಿಗೆ ಸವಿದಳು ಕೂಡ. ಆದರೆ ಜಗಲಿಯಲ್ಲಿ ರೊಟ್ಟಿ ಮಾರುವವಳು ಹುಣ್ಣಿನ ಕಾಲು ಚಾಚಿ ಕಾಯುತ್ತಿದ್ದಳು.

ಅವಳು ಒಳಗಿನಿಂದ ಕತ್ತರಿ ತಂದು ಎಲ್ಲರೆದುರು ಕುಳಿತಳು. "ಕಾಲು ಕೊಡಿ ಭಾವ."

"ಮುಟ್ಟಬೇಡ!"

"ಹೊಣೆ ನಂದೇ."

ಕಟ್ಟಿನ ಬಟ್ಟೆ ತುಂಡಾಗಿ ಬಿತ್ತು. ಜನ ಮೂಗು ಮುಚ್ಚಿ ಹಿಂದೆ ಸರಿದರು. ಎರಡು ಬೆರಳು ಕಪ್ಪಾಗಿದ್ದವು.

ಆತ ಪಿಸುಗುಟ್ಟಿದ, "ಭಯ ಆಗುತ್ತಮ್ಮ. ಆಸ್ಪತ್ರೆಗೆ ಕರ್ಕೊಂಡು ಹೋಗು."

"ಇಲ್ಲಿರೋ ಜನಕ್ಕೆ ಕೇಳಿಸಲಿಲ್ಲ. ತಮ್ಮನಿಗೆ ಬೇಡ ಅಂದ ಆಸ್ಪತ್ರೆ ನಿಮಗೆ ಬೇಕಾ?"

"ಬೇಕು."

"ಜೋರಾಗಿ."

"ಬೇಕಮ್ಮಾ, ಬೇಕು!"

ರೊಟ್ಟಿ ಮಾರುವವಳು ಚಾಚಿದ ಕಾಲನ್ನು ಎಳೆದುಕೊಂಡಳು. ಭಾವನಿಗೆಂದು ಬಂದ ಗಾಡಿಯಲ್ಲೇ ಅವಳನ್ನೂ ಹತ್ತಿಸಿಕೊಂಡರು.

ಭಾವನ ಎರಡು ಬೆರಳು ಹೋದವು, ಕಾಲು ಉಳಿಯಿತು. ಆತ ಮನೆಗೆ ಬಂದ ದಿನ ಅವಳು ಗಂಡನ ಸ್ಟೂಲನ್ನು ಜಗಲಿಗೆ ತಂದು ಅದರ ಮೇಲೆ ಆತನನ್ನು ಕೂರಿಸಿ, ಕೈಗೆ ಕತ್ತರಿ ಕೊಟ್ಟಳು. ಆತ ಕಟ್ಟಿದ್ದವರನ್ನೆಲ್ಲ ಮನೆಮನೆಗೆ ಹೋಗಿ ಕರೆದುಕೊಂಡು ಬಂದಿದ್ದಳು.

"ಇದಕ್ಕಿಂತ ನನ್ನ ಸಾಯೋಕೆ ಬಿಡಬೇಕಿತ್ತಮ್ಮ," ಎಂದ ತಲೆ ಎತ್ತದೆ.

"ಅಷ್ಟು ಸುಲಭವಾಗಿ ಬಿಡ್ತೀನಾ ಭಾವ? ನೀವು ಸತ್ರೆ ಕಟ್ಟಿದ್ದನ್ನೆಲ್ಲ ಬಿಚ್ಚೋರು ಯಾರು? ಹೂಂ, ಬಿಚ್ಚಿ."