ತಾತನ ಹೆಸರಿನ ವೈಫೈ

"ದೇವರಪ್ಪನಿಗೂ ಗೊತ್ತಾಗಲ್ಲ ಅತ್ತಿಗೆ!" ಎಂದು ಚಿಟಿಕೆ ಹೊಡೆದಿದ್ದ ಮೈದುನ. ಮೊಬೈಲ್ ರಿಪೇರಿ ಅಂಗಡಿಯವನು. ಅವಳ ಫೋನಿಗೆ ಗುರುತು ಮರೆಸುವ ಬ್ರೌಸರ್ ಹಾಕಿಕೊಟ್ಟವನೂ ಅವನೇ. ದೇವರ ಮಾತು ಹಾಗಿರಲಿ, ವಾರ ಕಳೆಯುವಷ್ಟರಲ್ಲಿ ಬಸ್ ಡಿಪೋ ಬಾಗಿಲಿಗೆ ಪೊಲೀಸ್ ಜೀಪು ಬಂದು ನಿಂತಿತ್ತು.

ಅವಳು ಆ ಡಿಪೋದ ಬ್ರೇಕ್ ಮೆಕ್ಯಾನಿಕ್, ಎಲ್ಲರಿಗೂ ಅಕ್ಕ. ಬೆಳಿಗ್ಗೆ ಬ್ರೇಕ್ ನೋಡಿ, ಸರಿಯಿದ್ದರೆ ಮುಂದಿನ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುವುದು ಅವಳ ಕೆಲಸ. ಗೆರೆಯಿಲ್ಲದ ಬಸ್ಸನ್ನು ಯಾವ ಡ್ರೈವರನೂ ಮುಟ್ಟುತ್ತಿರಲಿಲ್ಲ. ಗುಡ್ಡದ ರಸ್ತೆಯ ಬಸ್ಸಿನ ಬ್ರೇಕ್ ಲೈನಿಂಗ್ ಸವೆದು ತಗಡಾಗಿದೆಯೆಂದು ಅವಳು ಗೆರೆ ಎಳೆಯದೆ ಬಿಟ್ಟಳು. ಡ್ರೈವರ್ ಬರುವ ಮೊದಲೇ ಮ್ಯಾನೇಜರ್ ತಾನೇ ಗೆರೆ ಗೀಚಿದ, ಅಂದಿನಿಂದ ದಿನಾ ಗೀಚತೊಡಗಿದ. "ಬಾಯಿ ಬಿಟ್ರೆ ನಾಳೆಯಿಂದ ಮನೇಲಿರು" ಎಂದು ಗದರಿಸಿದ. ದಿನಾ ಶಾಲೆ ಮಕ್ಕಳು ಜೋತುಬಿದ್ದು ಹೋಗುವ ಬಸ್ಸು ಅದು! ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ಕೆಲಸ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅದಕ್ಕೇ ಊರವರ ಆನ್‌ಲೈನ್ ಗುಂಪಿನಲ್ಲಿ ಹೆಸರಿಲ್ಲದೆ ಬರೆದು, ಫೋಟೊ ಹಾಕಿದಳು. ಮ್ಯಾನೇಜರ್ ಅದು ಗುಜರಿ ಬಸ್ಸಿನ ಫೋಟೊ ಎಂದು ಡ್ರೈವರುಗಳ ಕಿವಿಗೆಲ್ಲ ಹೂವಿಟ್ಟ, ಸುಳ್ಳು ಸುದ್ದಿಯೆಂದು ಪೊಲೀಸರಿಗೂ ದೂರು ಕೊಟ್ಟ.

ಒಂದೇ ತಪ್ಪು ಮಾಡಿದ್ದಳು. ಡಿಪೋದಲ್ಲಿ ವೈಫೈ ಬೇಕೆಂದರೆ ಮ್ಯಾನೇಜರನ ಮುಂದೆ ಹಲ್ಲು ಗಿಂಜಬೇಕು. ಹಾಗಾಗಿ ಎಲ್ಲರ ಫೋನಿನಲ್ಲೂ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವ ತಾತನ ಲಾಗಿನ್ ಪಾಸ್‌ವರ್ಡೇ. ಪೋಸ್ಟ್ ಹಾಕುವಾಗ ಅವಳ ಫೋನೂ ತಾನಾಗಿಯೇ ಅದಕ್ಕೆ ಅಂಟಿಕೊಂಡಿತ್ತು.

ಇನ್‌ಸ್ಪೆಕ್ಟರ್ ತಾತನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದ.

"ಒಳಗೆ ಏನು ಕಳಿಸಿದೆ ಅಂತ ವೈಫೈ ದಾಖಲೆಯಲ್ಲಿ ಕಾಣ್ಲಿಲ್ಲ ಕಣಯ್ಯ. ಆದ್ರೆ ಪೋಸ್ಟ್ ಬಿದ್ದ ಹೊತ್ತಲ್ಲಿ ಇಡೀ ಡಿಪೋದಲ್ಲಿ ಗುರುತು ಮರೆಸೋ ಬ್ರೌಸರಿನ ಮುಸುಕು ಹಾಕ್ಕೊಂಡು ನೆಟ್ಟಿಗೆ ಹೋಗಿದ್ದು ಒಂದೇ ಫೋನು. ಲಾಗಿನ್ ನಿಂದು."

"ನನ್ನದನ್ನ ಎಲ್ರೂ ಹಾಕ್ಕೊಳ್ತಾರೆ ಸ್ವಾಮಿ."

"ಹಾಗಾದ್ರೆ ಯಾರು, ಹೇಳು."

ತಾತ ಅಕ್ಕನ ಕಡೆ ತಪ್ಪಿಯೂ ನೋಡಲಿಲ್ಲ. ನೆಲ ನೋಡುತ್ತ ನಿಂತ. ಅವನಿಗೆ ಗೊತ್ತಿತ್ತು! ಇನ್‌ಸ್ಪೆಕ್ಟರ್ ಅವನ ಬೆನ್ನಿಗೆ ಕೈಯಿಟ್ಟು ಜೀಪಿನತ್ತ ತಳ್ಳಿದ.

"ಬಿಡ್ರೀ ಅವರನ್ನ!" ಅಕ್ಕ ಸ್ಪ್ಯಾನರ್ ಎಸೆದು ಮುಂದೆ ಬಂದಳು. "ಬರೆದೋಳು ನಾನು. ಫೋಟೊ ತೆಗೆದೋಳೂ ನಾನೇ. ಅಲ್ರೀ, ನನ್ನ ಹುಡುಕೋಕೆ ಇಷ್ಟೆಲ್ಲ ಬೆವರು ಸುರಿಸಿದ್ರಲ್ಲ, ಬ್ರೇಕ್ ಹೇಗಿದೆ ಅಂತ ಒಬ್ರಾದ್ರೂ ಬಗ್ಗಿ ನೋಡಿದ್ರಾ?"

"ಅದು ನಮ್ಮ ಕೆಲಸ ಅಲ್ಲಮ್ಮ. ಹತ್ತು."

ಗುಡ್ಡದ ಬಸ್ಸು ಆಗಲೇ ಗೇಟಿನ ಬಳಿ ಗುರುಗುಟ್ಟುತ್ತ, ಜೀಪು ಸರಿಯಲೆಂದು ಕಾಯುತ್ತಿತ್ತು. ಅದರ ಚಕ್ರದ ಮೇಲೆ ಮ್ಯಾನೇಜರನ ಸೊಟ್ಟ ಗೆರೆ. ಇಷ್ಟು ದಿನ ಆ ಗೆರೆ ಕಂಡರೆ ಅವಳು ಮುಖ ತಿರುಗಿಸುತ್ತಿದ್ದಳು. ಈಗ ಇನ್ನೇನು ಹೋಗುವುದಿದೆ? ಹಿಡಿಯಲು ಬಂದ ಕಾನ್‌ಸ್ಟೇಬಲ್‌ನ ಕೈ ಕೊಡವಿಕೊಂಡು ನೇರ ಬಸ್ಸಿನ ಹತ್ತಿರ ಹೋದಳು.

"ಏಯ್! ಏಯ್!" ಎಂದು ಮ್ಯಾನೇಜರ್ ಓಡಿ ಬಂದ.

ಅವಳು ಬಗ್ಗಿ, ಗ್ರೀಸ್ ಮೆತ್ತಿದ ಅಂಗೈಯಿಂದ ಆ ಗೆರೆಯನ್ನು ತಿಕ್ಕಿ ತಿಕ್ಕಿ ಒರೆಸಿದಳು, ಎಲ್ಲರ ಕಣ್ಣೆದುರಿಗೇ. ತಲೆಯೆತ್ತಿ ಡ್ರೈವರನನ್ನು ನೋಡಿದಳು. "ಇದು ನಾನು ಎಳೆದ ಗೆರೆ ಅಲ್ಲಣ್ಣ."

ಡ್ರೈವರ್ ಮ್ಯಾನೇಜರನ ಮುಖ ನೋಡಿದ. ಎಂಜಿನ್ ಆಫ್ ಮಾಡಿದ. ಕೀಲಿ ಜೇಬಿಗೆ ಹಾಕಿಕೊಂಡು ಕೆಳಗಿಳಿದ.